ಗೇರ್ ಎಣ್ಣೆ ಬದಲಿಸಿದ ವಾರ

ನನ್ನ ಡ್ರೈವಿಂಗ್ ಲೈಸೆನ್ಸನ್ನು ನಮ್ಮ ಮನೆಯವರು ಇವತ್ತಿಗೂ ‘ಅರ್ಧ ಲೈಸೆನ್ಸ್’ ಎಂದು ಚಾಷ್ಟಿ ಮಾಡುತ್ತಾರೆ. ಈ ಇಂಗ್ಲೆಂಡಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದವರು ಆಟೊಮ್ಯಾಟಿಕ್ ಕಾರನ್ನಷ್ಟೇ ಓಡಿಸಬೇಕು, ಕ್ಲಚ್ ಇರುವ ಕಾರನ್ನು ಮುಟ್ಟುವ ಹಾಗಿಲ್ಲ. ಧಾರವಾಡದಲ್ಲಿ ಸೈಕಲ್ಲನ್ನೂ ತುಳಿಯದ ನಾನು ನಲವತ್ತರ ಹೊಸ್ತಿಲಲ್ಲಿ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಏರುಗಳಲ್ಲಿ ಕ್ಲಚ್ಚು, ಗೇರು, ಹ್ಯಾಂಡ್‌ಬ್ರೇಕುಗಳ ಜೊತೆ ಗುದ್ದಾಡಿ ಮತ್ತೆ ಮತ್ತೆ ಫೇಲಾದೆ. ಕಲಿಸುತ್ತಿದ್ದ ಹೆಂಗಸಿಗೇ ಸಾಕಾಗಿ, ಆಟೊಮ್ಯಾಟಿಕ್ ಕಲಿಯಮ್ಮ ಎಂದು ದಾರಿ ತೋರಿಸಿದಳು. ಪಾಸಾದೆ. ಅರ್ಧವೋ ಮುಕ್ಕಾಲೋ, ಲೈಸೆನ್ಸ್ ಲೈಸೆನ್ಸೇ.

ಆಮೇಲೆ ನನಗೆಂದೇ ಒಂದು ಸಣ್ಣ ಜಪಾನಿ ಕಾರು ಬಂತು. ಸೆಕೆಂಡ್ ಹ್ಯಾಂಡ್. ನಮ್ಮವರು, ಅಂದರೆ ಡಾಕ್ಟರಾದ ನನ್ನ ಗಂಡ, ಆಸ್ಪತ್ರೆಗೆ ತಮ್ಮ ಕ್ಲಚ್ಚಿನ ಕಾರಿನಲ್ಲಿ ಹೋದರೆ, ನಾನು ನನ್ನ ಕಾರಿನಲ್ಲಿ ಟೂಟಿಂಗಿಗೆ ಹೋಗಿ ಕರಿಬೇವು, ನುಗ್ಗೆಕಾಯಿ ತರುತ್ತಿದ್ದೆ. ಯಾರನ್ನೂ ಕೇಳದೆ ಮನೆಯಿಂದ ಹೊರಗೆ ಹೋಗಿ ಬರುವ ಸುಖ ಅದುವರೆಗೆ ನನಗೆ ಗೊತ್ತಿರಲಿಲ್ಲ.

ಈಗ ಹೇಳಲು ಹೊರಟಿರುವುದು ಟ್ರಾಮ್ ಹಳಿ ಹಾಕಲು ಕ್ರೋಯ್ಡನ್ ಪೇಟೆಯನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದ ಕಾಲದ ಮಾತು. ನನಗೊಬ್ಬ ಗೆಳತಿ. ಮೈಸೂರಿನವಳು, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವಳ ಗಂಡ ಮನೋವೈದ್ಯರು, ಲೀಡ್ಸಿನಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಮಧ್ಯಾಹ್ನ ಹೋಗಿಬಿಡುವವರು. ಅವಳಿಗೆ ಕಾರು ಬಾರದು. ನನ್ನ ಮಾತು ಅವಳಿಗೆ ಜಗಳದ ಹಾಗೆ ಕೇಳುತ್ತದೆ, ಅವಳ ಮಾತು ನನಗೆ ರಾಗದ ಹಾಗೆ ಕೇಳುತ್ತದೆ. ಆದರೂ ಇಬ್ಬರಿಗೂ ಒಂದು ದಿನ ಮಾತಾಡದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕರೆದು ಕೂರಿಸಿ ಹೇಳಿದಳು. ಎದೆಯಲ್ಲಿ ಗಡ್ಡೆ, ಕ್ಯಾನ್ಸರ್. ಗಂಡನ ಬಾಡಿಗೆ ಮನೆ ಜೋಡಿಸಿಕೊಡುತ್ತೇನೆಂದು ನಮಗೆಲ್ಲ ಹೇಳಿ ಕೆಲವು ವಾರ ಲೀಡ್ಸಿಗೆ ಹೋಗಿದ್ದಳು, ಅಲ್ಲೇ ಆಪರೇಷನ್ ಆಗಿತ್ತಂತೆ. ಇನ್ನು ಕೆಲವು ವಾರ ಶನಿವಾರ, ಭಾನುವಾರ ಬಿಟ್ಟು ದಿನಾಲೂ ಸಟನ್ ಕಡೆಯ ಆಸ್ಪತ್ರೆಗೆ ರೇಡಿಯೇಷನ್ನಿಗೆ ಹೋಗಬೇಕು.

“ನೀನು ಕರ್ಕೊಂಡು ಹೋಗ್ತೀಯಾ? ಆದ್ರೆ ಯಾರಿಗೂ ಹೇಳಕೂಡದು ಕಣೇ. ನಿಮ್ಮೆಜಮಾನ್ರಿಗೂ ಹೇಳಕೂಡದು.”

“ಅವರು ಡಾಕ್ಟರ್ ಇದ್ದಾರವಾ, ಹೇಳಿದ್ರ ಏನಾತು?”

“ಅದಕ್ಕೇ ಬೇಡ ಅಂದಿದ್ದು. ಒಬ್ಬ ಡಾಕ್ಟರಿಗೆ ಗೊತ್ತಾದ್ರೆ ಹತ್ತು ಡಾಕ್ಟರಿಗೆ ಗೊತ್ತಾಗುತ್ತೆ. ಅವರ ಹೆಂಡ್ತೀರಿಗೆ ಗೊತ್ತಾದ್ರೆ ಸಾಯಂಕಾಲದೊಳಗೆ ಮೈಸೂರಲ್ಲಿ ನಮ್ಮಮ್ಮನ ಕಿವಿಗೆ ಬೀಳುತ್ತೆ. ಅಮ್ಮನಿಗೆ ಹಾರ್ಟು. ಎಲ್ಲ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ.”

ಇಲ್ಲಿನ ನಮ್ಮ ಜನರಲ್ಲಿ ಇದೊಂದು ವಿಚಿತ್ರ. ಎಡಕ್ಕೆ ತಿರುಗಿದರೆ ಡಾಕ್ಟರು, ಬಲಕ್ಕೆ ತಿರುಗಿದರೆ ಡಾಕ್ಟರು, ಕಾಯಿಲೆಯನ್ನು ಮಾತ್ರ ಯಾರಿಗೂ ಹೇಳುವ ಹಾಗಿಲ್ಲ. ಆಸ್ಪತ್ರೆಯವರು ತಮ್ಮ ಗಾಡಿಯನ್ನೇ ಕಳಿಸುತ್ತೇವೆಂದು ಹೇಳಿದ್ದರಂತೆ. ಮನೆಯ ಮುಂದೆ ಅಂಥ ಗಾಡಿ ನಿಂತರೆ ಡಂಗುರ ಸಾರಿದಂತೆ ಎಂದು ಇವಳೇ ಬೇಡವೆಂದಿದ್ದಳು. ನೀನು ಬಾರದಿದ್ದರೆ ನಾನು ಹೋಗುವುದೇ ಇಲ್ಲ ಎಂದೂ ಒಂದು ಮಾತು ಸೇರಿಸಿದಳು. ಹಟಮಾರಿ. ಹೇಳಿದಂತೆಯೇ ಮಾಡುವವಳೆಂದು ನನಗೆ ಗೊತ್ತಿತ್ತು. ಮಾತು ಕೊಟ್ಟೆ. ಮನೆಯಲ್ಲಿ, ಅದೇ ದಾರಿಯಲ್ಲಿ ಹತ್ತಿರ ಸಿಗುವ ವಾಲಿಂಗ್ಟನ್ನಿನಲ್ಲಿ ಹೊಲಿಗೆ ಕ್ಲಾಸಿಗೆ ಸೇರಿದ್ದೇನೆಂದು ಹೇಳಿದೆ.

ಎರಡನೇ ವಾರದಲ್ಲಿ ಕಾರು ತಕರಾರು ತೆಗೆಯಿತು. ಗೇರ್ ಕಡ್ಡಿಯನ್ನು ಮುಂದೆ ಹೋಗುವ ‘ಡಿ’ಗೆ ಎಳೆದರೆ ಸ್ವಲ್ಪ ಹೊತ್ತು ಏನೂ ಆಗದು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಧಡಕ್ಕೆಂದು ಮುಂದೆ ಜಿಗಿಯುವುದು. ಏರು ಬಂದರೆ ಎಂಜಿನ್ನು ಬೊಬ್ಬೆ ಹೊಡೆಯುವುದು, ಗಾಲಿ ಮಾತ್ರ ಎಳೆಯದು. ಗೆಳತಿ ಪಕ್ಕದಲ್ಲಿ ಕೂತು, “ಬಾರಮ್ಮ, ಬಾ, ಬಾ” ಎಂದು ಕಾರನ್ನು ಪುಸಲಾಯಿಸುತ್ತಿದ್ದಳು.

ಥಾರ್ನ್‌ಟನ್ ಹೀತಿನಲ್ಲಿ ನಾನು ಕಾರು ತೋರಿಸುತ್ತಿದ್ದ ಮೆಕ್ಯಾನಿಕ್ ಜಾಫ್ನಾದವನು. ಗೇರ್‌ಬಾಕ್ಸಿನ ಎಣ್ಣೆಯ ಕಡ್ಡಿ ಎಳೆದು ಕಾಗದಕ್ಕೆ ಒರೆಸಿ ತೋರಿಸಿದ. ಹೊಸ ಎಣ್ಣೆ ಕೆಂಪಗಿರುತ್ತದಂತೆ. ಇದು ಕಂದು ಬಣ್ಣಕ್ಕೆ ತಿರುಗಿ, ಸೀದು ಹೋದ ವಾಸನೆ ಹೊಡೆಯುತ್ತಿತ್ತು. ಕಾರು ಹುಟ್ಟಿದಾಗಿನಿಂದ ಯಾರೂ ಬದಲಿಸಿದ ಹಾಗಿಲ್ಲ ಎಂದ.

“ಹಾಗಾದರೆ ಬದಲಿಸು,” ಎಂದೆ.

“ಬದಲಿಸಬಹುದು. ಆದರೆ ಇಷ್ಟು ಹಳೆಯದಾದ ಮೇಲೆ ಬದಲಿಸಿದರೆ ಕೆಲವು ಕಾರು ಸರಿಹೋಗುತ್ತವೆ, ಕೆಲವು ಅಲ್ಲಿಗೇ ನಿಂತುಬಿಡುತ್ತವೆ. ಯಾವುದು ಏನು ಮಾಡುತ್ತದೆಂದು ಮೊದಲೇ ಹೇಳಲಾರೆ. ಫಿಲ್ಟರ್ ತರಿಸಬೇಕು, ಎರಡು ಮೂರು ದಿನ ಕಾರು ಇಲ್ಲೇ ಇರಬೇಕು.”

“ಬದಲಿಸದಿದ್ದರೆ?”

“ಇನ್ನೂ ಒಂದು ತಿಂಗಳು ಓಡಬಹುದು. ನಾಳೆ ನಿಲ್ಲಲೂಬಹುದು.”

ಒಳ್ಳೆಯ ಕಥೆಯಾಯಿತಲ್ಲ! ಕೈ ಹಚ್ಚಿದರೂ ಭಯ, ಬಿಟ್ಟರೂ ಭಯ. ಬೇರೆ ಕಾರು ಬಾಡಿಗೆಗೆ ತರೋಣವೆಂದರೆ ಮನೆಯಲ್ಲಿ ಏನು ಹೇಳಲಿ? ಗಂಡನ ಕಾರು ಮನೆಯ ಮುಂದೆಯೇ ನಿಂತಿದ್ದರೂ ನನ್ನ ಅರ್ಧ ಲೈಸೆನ್ಸಿಗೆ ಅದು ಕಲ್ಲಿನ ಬಸವ. ಚಿಕಿತ್ಸೆ ಮುಗಿಯುವವರೆಗೆ ಹೇಗಾದರೂ ಎಳೆಯಲಿ ಎಂದುಕೊಂಡು ಕಾರನ್ನು ಹಾಗೆಯೇ ಓಡಿಸಿದೆ. ದಿನಾ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಮನೆದೇವರನ್ನು ನೆನೆಯುತ್ತಿದ್ದೆ.

ಆಗ ನಮ್ಮ ಹತ್ತಾರು ಕನ್ನಡ ಕುಟುಂಬಗಳಲ್ಲಿ ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಊಟದ ಪದ್ಧತಿಯಿತ್ತು. ಆ ತಿಂಗಳು ಪರ್ಲಿಯಲ್ಲಿ ನಮ್ಮ ಧಾರವಾಡದ ಕಡೆಯವರೇ ಆದ ಸರ್ಜನ್ ಒಬ್ಬರ ಮನೆಯಲ್ಲಿ. ನಮ್ಮವರು ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದರು. ಗೆಳತಿಯ ಗಂಡ ಆ ಭಾನುವಾರ ಬೇಗನೆ ಲೀಡ್ಸಿಗೆ ಹೊರಟುಹೋಗಿದ್ದರು. ನಾನು ಗೆಳತಿಯನ್ನೂ, ಅವಳ ಬಿಸಿಬೇಳೆಬಾತಿನ ಪಾತ್ರೆಯನ್ನೂ ಕೂರಿಸಿಕೊಂಡು ಹೊರಟೆ. ಸರ್ಜನ್ ಮನೆಯ ಗೇಟಿನಿಂದ ಬಾಗಿಲವರೆಗೆ ಒಂದು ಏರು. ಅಲ್ಲಿ ನನ್ನ ಕಾರು ನಡುವೆಯೇ ನಿಂತು ಊಳಿಟ್ಟಿತು ನೋಡಿ, ಒಳಗಿದ್ದವರೆಲ್ಲ ಹೊರಗೆ ಬಂದರು.

“ವೈನೀ, ಬಂದ್ ಮಾಡಬ್ಯಾಡ್ರಿ, ಎಂಜಿನ್ ಚಾಲೂ ಇರಲಿ!” ಎಂದು, ನನ್ನನ್ನು ವೈನಿ, ಅಂದರೆ ಅತ್ತಿಗೆ ಎಂದೇ ಕರೆಯುವ ಸರ್ಜನ್ ಓಡಿಬಂದು ಬಾನೆಟ್ ಎತ್ತಿದರು. ಎಣ್ಣೆಯ ಕಡ್ಡಿ ಎಳೆದು ಟಿಶ್ಯೂ ಕಾಗದಕ್ಕೆ ಒರೆಸಿ ಮೂಸಿದರು. ಅದು ಕೈಯಿಂದ ಕೈಗೆ ಹೋಯಿತು. ಲಂಡನ್ನಿನ ದೊಡ್ಡ ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳೆಲ್ಲ ಸಾಲಾಗಿ ನಿಂತು ಒಂದು ಟಿಶ್ಯೂ ಮೂಸುವುದನ್ನು ನಾನು ಮೊದಲ ಸಲ ಕಂಡೆ.

“ಸುಟ್ಟ ವಾಸನಿ. ಇದು ಎಣ್ಣಿ ಅಲ್ರಿ, ಕೀವು. ನಾಳೇನ ತಗಿಸಿ ಒಗೀರಿ,” ಎಂದರು ಸರ್ಜನ್.

“ಸ್ವಲ್ಪ ತಡೀರಿ,” ಎಂದರು ಮೈಸೂರು ಕಡೆಯ ಫಿಸಿಷಿಯನ್. “ವಯಸ್ಸಾದ ಪೇಷೆಂಟು. ಇಷ್ಟು ವರ್ಷದಿಂದ ಆ ಎಣ್ಣೆಗೇ ಒಗ್ಗಿಹೋಗಿದೆ. ಈಗ ಮುಟ್ಟಿದ್ರೆ ತಡ್ಕೊಳ್ಳಲ್ಲ. ನಡೆಯೋಷ್ಟು ದಿನ ನಡೀಲಿ ಬಿಡಿ.”

“ನಡು ರಸ್ತಾದಾಗ ಸತ್ರ?”

“ನಿಮ್ಮ ಆಪರೇಷನ್ ಟೇಬಲ್ ಮೇಲೆ ಸಾಯೋದಕ್ಕಿಂತ ವಾಸಿ!”

ಎಲ್ಲರೂ ಗೊಳ್ಳೆಂದು ನಕ್ಕರು. ನಮ್ಮವರು ಅರಿವಳಿಕೆ ಡಾಕ್ಟರು. ಇಬ್ಬರು ಜಗಳವಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಅವರಿಗೆ ಕೆಲಸದಿಂದಲೇ ಬಂದ ಅಭ್ಯಾಸ. “ನೋಡೂಣು,” ಎಂದರು.

“ದಿನಾ ಎಷ್ಟು ಓಡಸ್ತೀರಿ ವೈನಿ?” ಸರ್ಜನ್ ಕೇಳಿದರು.

“ಹಿಂಗ… ಅಂಗಡಿ ಗಿಂಗಡಿ,” ಎಂದೆ.

“ಎಲ್ಲೀ ಅಂಗಡಿ?” ಎಂದರು ನಮ್ಮವರು. “ದಿನಾ ಹೊಲಿಗಿ ಕ್ಲಾಸಿಗೆ ಹೋಗತಾಳ್ರಿ ಇಕಿ, ವಾಲಿಂಗ್ಟನ್ನಿಗೆ. ಒಂದು ದಿಂಬಿನ ಚೀಲಾನೂ ಇನ್ನಾ ಹೊಲದಿಲ್ಲ.”

ಮತ್ತೆ ನಗೆ. ಆದರೆ ನಮ್ಮವರು ನಗುತ್ತಿರಲಿಲ್ಲ. ನನ್ನನ್ನೇ ನೋಡುತ್ತ, ಮೆಲ್ಲನೆ, “ಕಾರಿನ ಮೀಟರ್ ನೋಡೇನಿ. ವಾಲಿಂಗ್ಟನ್ ಅಷ್ಟು ದೂರ ಇಲ್ಲ,” ಎಂದರು. ಮೆಲ್ಲನೆ ಅಂದರೂ ಎಲ್ಲರಿಗೂ ಕೇಳಿಸಿತು. ನಗೆ ನಿಂತಿತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ಬಾಯಿ ಬಿಟ್ಟರೆ ಕೊಟ್ಟ ಮಾತು ಹೋಗುತ್ತದೆ, ಬಿಡದಿದ್ದರೆ ಇವರ ಕಣ್ಣಲ್ಲಿ ನಾನು ಏನಾಗುತ್ತೇನೋ ದೇವರಿಗೇ ಗೊತ್ತು. ಹ್ಯಾಂಡ್‌ಬ್ರೇಕ್ ಎಳೆದು ಇಳಿದಿದ್ದ ನಾನು ತೆರೆದ ಬಾನೆಟ್ಟಿನ ಕಡೆ ಮುಖ ತಿರುಗಿಸಿದೆ.

ಪಕ್ಕದ ಸೀಟಿನ ಬಾಗಿಲು ತೆರೆಯಿತು. ಗೆಳತಿ ಬಿಸಿಬೇಳೆಬಾತಿನ ಪಾತ್ರೆಯನ್ನು ಅಪ್ಪಿಕೊಂಡೇ ಇಳಿದಳು.

“ಹೊಲಿಗೆ ಕ್ಲಾಸು ಇಲ್ಲ, ಏನೂ ಇಲ್ಲ. ನನ್ನನ್ನ ಕರ್ಕೊಂಡು ಹೋಗ್ತಾಳೆ, ಸಟನ್‌ಗೆ. ನನಗೆ ಬ್ರೆಸ್ಟ್ ಕ್ಯಾನ್ಸರ್. ಆಪರೇಷನ್ ಆಗಿದೆ. ಈಗ ರೇಡಿಯೇಷನ್ ನಡೀತಿದೆ, ಇನ್ನೂ ಎರಡು ವಾರಕ್ಕೂ ಮೇಲೆ ಉಳಿದಿದೆ. ಯಾರಿಗೂ ಹೇಳಬೇಡ ಅಂದಿದ್ದೋಳು ನಾನು.” ಉಸಿರೆಳೆದುಕೊಂಡಳು. “ಈಗ ಸರಿಯಾಗಿ ಯೋಚನೆ ಮಾಡಿ ಹೇಳಿ. ಎಣ್ಣೆ ಬದಲಾಯಿಸಬೇಕೋ, ಬೇಡ್ವೋ?”

ಕಾರಿನ ಎಂಜಿನ್ನೊಂದೇ ಗುರುಗುಟ್ಟುತ್ತಿತ್ತು. ಸರ್ಜನ್ ಕೈಯಲ್ಲಿದ್ದ ಟಿಶ್ಯೂವನ್ನು ಮಡಿಸಿ, ಮತ್ತೆ ಮಡಿಸಿ, ಜೇಬಿಗೆ ಹಾಕಿಕೊಂಡರು. ಹಿಂದೆ ಯಾರೋ ಒಬ್ಬಾಕೆ “ಅಯ್ಯೋ” ಎಂದು ಅಳು ತೆಗೆದಳು.

“ಏ, ಅಳಬ್ಯಾಡ, ಒಳಗ ನಡಿ, ಹಪ್ಪಳಾ ಕರಿ!” ಎಂದು ಗದರಿಸಿದವರು ಸರ್ಜನ್‌ರ ಹೆಂಡತಿ. ಸೌಟು ಹಿಡಿದುಕೊಂಡೇ ಬಂದಿದ್ದರು. ಗೆಳತಿಯ ಕೈಯಿಂದ ಪಾತ್ರೆ ತೆಗೆದುಕೊಂಡು ಗಂಡನ ಕೈಗೆ ಕೊಟ್ಟರು. “ಕಾರು ನಾಳೆ ಗ್ಯಾರೇಜಿಗೆ ಹೋಗ್ಲಿ. ಉಳೀತು ಉಳೀತು, ಇಲ್ಲಾಂದ್ರ ಇಲ್ಲ. ನೀ ಹೇಳ ತಂಗಿ, ನಾಳೆ ಎಷ್ಟಕ್ಕ ಹೋಗಬೇಕು? ನಾ ಬರ್ತೀನಿ.”

“ಮಂಗಳವಾರ ನಂದು,” ಎಂದರು ಫಿಸಿಷಿಯನ್. “ಬುಧವಾರ ನಾ ರಜಾ ಹಾಕತೇನಿ,” ಎಂದು ಮುಂದೆ ಬಂದವರು ನಮ್ಮವರು. ಅಷ್ಟೇ. ಬೇರೆ ಮೀಮಾಂಸೆ ಏನೂ ನಡೆಯಲಿಲ್ಲ.

ಬೇರೆಯವರ ಬಾಯಿಂದ ಸುದ್ದಿ ಹೋಗುವ ಮುಂಚೆ ತಾನೇ ಹೇಳುತ್ತೇನೆಂದು ಗೆಳತಿ ಅದೇ ಮನೆಯಿಂದ ಮೈಸೂರಿಗೆ ಫೋನ್ ಮಾಡಿದಳು. ನಾವೆಲ್ಲ ತಟ್ಟೆ ಹಿಡಿದು ಅವಳಿಗಾಗಿ ಕಾಯುತ್ತ ಕೂತಿದ್ದೆವು. ತಾಯಿ ಮೊದಲು ಅತ್ತರಂತೆ, ಆಮೇಲೆ ಮುಚ್ಚಿಟ್ಟಿದ್ದಕ್ಕೆ ಚೆನ್ನಾಗಿ ಬೈದರಂತೆ, ಕೊನೆಗೆ, ಊಟ ಮಾಡಿದೆಯಾ, ಹೋಗಿ ಮೊದಲು ಊಟ ಮಾಡು ಎಂದರಂತೆ. ಅವಳು ಕಣ್ಣೊರೆಸಿಕೊಂಡು ಬಂದು ಕೂತು ಮೂರು ಸಲ ಬಡಿಸಿಕೊಂಡು ಉಂಡಳು.

ಗೆಳತಿಯನ್ನು ಸರ್ಜನ್‌ರ ಹೆಂಡತಿ ಆ ರಾತ್ರಿ ತಮ್ಮಲ್ಲೇ ಉಳಿಸಿಕೊಂಡರು. ನನ್ನ ಕಾರನ್ನೂ ಅಲ್ಲೇ ಬಿಟ್ಟು ನಾವಿಬ್ಬರೇ ನಮ್ಮವರ ಕಾರಿನಲ್ಲಿ ಮನೆಗೆ ಬಂದೆವು. ಅರ್ಧ ದಾರಿಯಲ್ಲಿ ಇವರು, “ನಾ ಏನೇನೋ ಅನ್ಕೊಂಡಿದ್ದೆ,” ಎಂದರು. “ಮಾತು ಕೊಟ್ಟಿದ್ದೆರಿ,” ಎಂದೆ. “ಕೊಟ್ಟಿದ್ದು ಛಲೋ ಮಾಡಿದಿ,” ಎಂದು ಗೇರ್ ಮೇಲಿದ್ದ ಕೈ ತೆಗೆದು ನನ್ನ ಕೈ ಮೇಲಿಟ್ಟರು. ಮುಂದಿನ ಸಿಗ್ನಲ್ಲಿನಲ್ಲಿ ಗೇರ್ ಬದಲಿಸಲು ಮರೆತು ಕಾರು ಆಫ್ ಆಯಿತು. ಪೂರ್ತಿ ಲೈಸೆನ್ಸಿನವರು!

ಸೋಮವಾರ ಕಾರು ಥಾರ್ನ್‌ಟನ್ ಹೀತಿಗೆ ಹೋಯಿತು. ಸಿಕ್ಕಷ್ಟು ಹಳೆ ಎಣ್ಣೆ ಇಳಿಸಿ ಅಷ್ಟೇ ಹೊಸದನ್ನು ಹಾಕುತ್ತೇನೆ, ಒತ್ತಡ ಹಾಕಿ ತೊಳೆದರೆ ಹಳೆ ಗೇರ್‌ಬಾಕ್ಸು ತಡೆಯದು ಎಂದ ಮೆಕ್ಯಾನಿಕ್. ಗೆಳತಿ ದಿನಾ ಸಂಜೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದಳು. ಸರ್ಜನ್‌ರ ಹೆಂಡತಿ ರೆಡ್ ಬಸ್ಸಿನವರಿಗೂ ದಾರಿ ಬಿಡುವುದಿಲ್ಲವಂತೆ. ಫಿಸಿಷಿಯನ್ ಎಷ್ಟು ನಿಧಾನವೆಂದರೆ ಸೈಕಲ್ಲಿನವನೊಬ್ಬ ಹಿಂದಿಕ್ಕಿ ಹೋದನಂತೆ. ಎಲ್ಲರೂ ತಂದುಕೊಟ್ಟ ಊಟದ ಡಬ್ಬಿ ಇಡಲು ಅವಳ ಫ್ರಿಜ್ಜಿನಲ್ಲಿ ಜಾಗವಿಲ್ಲವಂತೆ. ನಮ್ಮ ಜನರ ಬಾಯಿಗೆ ಹೆದರಿ ಅವಳು ಒಳಗೇ ಬೆಂದಿದ್ದಳು. ಅದೇ ಜನ ಬಾಯಿ ಮುಚ್ಚಿಕೊಂಡು ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಆ ವಾರ ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಕೆಲವರ ಜೊತೆ ಆಮೇಲೆ ಜಗಳವಾಡಿದ್ದೇನೆ, ಮಾತು ಬಿಟ್ಟಿದ್ದೂ ಉಂಟು. ಆದರೂ ಆ ಋಣವನ್ನು ಮರೆತಿಲ್ಲ.

ಗೇರ್‌ಬಾಕ್ಸ್ ಉಳಿಯಿತು. ಗೆಳತಿಯೂ ಉಳಿದಳು. ಕಾರು ಮುದಿಯಾಗಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅವಳು ಮಾತ್ರ ಮೊನ್ನೆ ಕೂಡ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಬೈದು ಹೋದಳು.

ಆ ವಾರದ ಗುರುವಾರ ಬೆಳಿಗ್ಗೆ ಕಾರು ನನ್ನ ಕೈಗೆ ಬಂದಿತ್ತು. ಗೆಳತಿಯನ್ನು ಕೂರಿಸಿಕೊಂಡು ‘ಡಿ’ಗೆ ಎಳೆದೆ. ಜಿಗಿಯಲಿಲ್ಲ, ಬೆಣ್ಣೆಯಂತೆ ಹೊರಟಿತು. ವಾಲಿಂಗ್ಟನ್ ದಾಟುವಾಗ ಕೇಳಿದೆ. “ಅಷ್ಟು ಮಂದಿ ಮುಂದ ಯಾಕ ಹೇಳಿದಿ? ಎಣ್ಣಿ ಸಲುವಾಗಿ ಅಂತೂ ಅಲ್ಲ.”

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. “ನಿಮ್ಮೆಜಮಾನ್ರು ನಿನ್ನನ್ನ ನೋಡಿದ್ರಲ್ಲ, ಆಗ ನಾನು ಅವರ ಮುಖ ನೋಡ್ದೆ. ಈ ಕಾಯಿಲೆ ನನ್ನ ಮೈಯಲ್ಲಿರಲಿ ಕಣೇ, ತಡ್ಕೋತೀನಿ. ನಿನ್ನ ಮನೆಯೊಳಗೂ ಹೊಕ್ಕುಬಿಡ್ತಲ್ಲ ಅನ್ನಿಸ್ತು. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ.”

ನನಗೆ ರಸ್ತೆ ಕಾಣದಾಯಿತು. ಕಾರನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಅವಳು ಬೆನ್ನು ಸವರಿದಳು, ಟಿಶ್ಯೂ ಕೊಟ್ಟಳು, ಆಮೇಲೆ ಗಡಿಯಾರ ನೋಡಿದಳು.

“ಉಳಿದಿದ್ದನ್ನ ಬರೋವಾಗ ಅಳುವಂತೆ, ನಡಿ. ಹತ್ತೂವರೆಗೆ ನನ್ನ ಹೆಸರು ಕೂಗ್ತಾರೆ.”