ಮುಸುಕಿನ ಸಂಘಕ್ಕೆ ಜೇಬು ಹೊಲಿದವರು

ಬೆಳಗಿನ ಆರು ಗಂಟೆ. ಗೊಟ್ಟಿಗೆರೆಯ ಈ ಓಣಿಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಸಪ್ಪಲಮ್ಮನವರ ಟೈಲರಿಂಗ್ ಅಂಗಡಿ ಮಾತ್ರ. ಒಳಗೆ ಗೋಡೆಯುದ್ದಕ್ಕೂ ಕಪ್ಪು ನಿಲುವಂಗಿಗಳು ತೂಗುತ್ತಿವೆ. ಒಂದೊಂದಕ್ಕೂ ಮುಖ ಮುಚ್ಚುವಷ್ಟು ದೊಡ್ಡ ಮುಸುಕು. ಹಾಲು ತರಲು ಬಂದವರು ಇಣುಕಿ ನೋಡಿ, ಬೆಚ್ಚಿ, ಬೇಗ ಬೇಗ ಮುಂದೆ ಹೋಗುತ್ತಾರೆ. ಸಪ್ಪಲಮ್ಮ ಕನ್ನಡಕ ಏರಿಸಿಕೊಂಡು ಪ್ರತಿ ಅಂಗಿಯ ಒಳಗೂ ಅಂಗೈಯಗಲದ ಜೇಬು ಹೊಲಿಯುತ್ತಿದ್ದಾರೆ. ಈ ಜೇಬುಗಳನ್ನು ಮೊನ್ನೆ ಬಿಚ್ಚಿ ತೆಗೆದವರೂ ಅವರೇ.

ಅಂಗಿಗಳು ಒಂದು ಥ್ರಿಲ್ಲರ್ ಸಿನಿಮಾದವು. ಶ್ರೀಮಂತರ ಮಕ್ಕಳೇ ಓದುವ ವಿಶ್ವವಿದ್ಯಾಲಯ, ಅದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಲವತ್ತು ಜನರ ಗುಪ್ತ ಸಂಘ, ಅದರ ಬೆನ್ನು ಹತ್ತುವ ಒಬ್ಬ ಬಡ ವಿದ್ಯಾರ್ಥಿನಿ: ಕಥೆ ಇಷ್ಟು. ಆ ನೆಲಮಾಳಿಗೆ ಇರುವುದು ಜೆ.ಪಿ. ನಗರದ ಗೋದಾಮೊಂದರ ಸೆಟ್‌ನಲ್ಲಿ. ವಸ್ತ್ರ ವಿನ್ಯಾಸಕಿ ತನ್ಮಯಿ ಬರೆದುಕೊಟ್ಟ ಚಿತ್ರದಲ್ಲಿ ಅಂಗಿಗೆ ಜೇಬಿರಲಿಲ್ಲ. ಬಟ್ಟೆ ಭುಜದಿಂದ ಪಾದದವರೆಗೆ ನೇರ ಇಳಿಯಬೇಕು, ಎಲ್ಲೂ ಉಬ್ಬಬಾರದು ಎಂದು ಅವರು ಎರಡೆರಡು ಸಲ ಹೇಳಿದ್ದರು. ಇದು ಸರಿಹೋದರೆ ಮುಂದಿನ ಸಿನಿಮಾದ ಹೊಲಿಗೆಯೆಲ್ಲ ನಿಮಗೇ ಎಂದೂ ಹೇಳಿದ್ದರು. ವರ್ಷಗಟ್ಟಲೆ ಸೀರೆಗೆ ಫಾಲ್ಸ್ ಹಚ್ಚಿ, ಬ್ಲೌಸ್ ಸಡಿಲಿಸಿ ಸಾಕಾಗಿದ್ದವರಿಗೆ ಅದು ಸಣ್ಣ ಮಾತಲ್ಲ.

ಆದರೆ ಕೈ ಕೇಳಬೇಕಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಶರ್ಟಿಗೆ ಜೇಬು ಕೂರಿಸುವುದು. ಗಂಟೆಗೆ ಅರವತ್ತು, ದಿನಕ್ಕೆ ಐನೂರರ ಆಸುಪಾಸು. ಕಾಲರ್ ಒಬ್ಬರದು, ತೋಳು ಇನ್ನೊಬ್ಬರದು. ಪೂರ್ತಿ ಶರ್ಟು ಹೊಲಿಯಲು ಅವರಿಗೆ ಬರುತ್ತಲೇ ಇರಲಿಲ್ಲ. ಫ್ಯಾಕ್ಟರಿ ಮುಚ್ಚಿದ ಮೇಲೆ ಗಂಡನ ಹಳೇ ಶರ್ಟೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಮತ್ತೆ ಜೋಡಿಸಿ, ನಲವತ್ತರ ವಯಸ್ಸಿನಲ್ಲಿ ದರ್ಜಿಯಾದರು. ಮೊದಲ ಸಲ ತೋಳು ತಿರುಗಾಮುರುಗಾ ಆಗಿತ್ತಂತೆ. ಈಗ ಐವತ್ತೆರಡು.

‘ದಿನಕ್ಕೆ ಐನೂರು ಜೇಬು ಹೊಲಿತಿದ್ದೆ. ನಮಗೆ ಕೊಟ್ಟಿದ್ದ ಏಪ್ರನ್‌ಗೆ ಮಾತ್ರ ಒಂದೂ ಜೇಬಿರ್ಲಿಲ್ಲ. ಜ್ವರದ ಮಾತ್ರೆ ಸೆರಗಿನ ಗಂಟಲ್ಲಿ ಕಟ್ಕೊಂಡು ಕೂತ್ಕೋತಿದ್ವಿ,’ ಎನ್ನುತ್ತಾರೆ. ‘ಬಟ್ಟೆ ಅಂದ್ಮೇಲೆ ಹಾಕ್ಕೊಂಡೋರದ್ದೊಂದು ಸಾಮಾನು ಇಡೋಕೆ ಜಾಗ ಬೇಡ್ವಾ?’

ಹಾಗಾಗಿ ನಲವತ್ತು ಅಂಗಿಗಳಿಗೂ ಒಳಗೊಂದು ಕಳ್ಳ ಜೇಬು ಬಿತ್ತು. ಗುಟ್ಟು ರಟ್ಟಾದದ್ದು ಸಂಘದ ಪ್ರಮಾಣವಚನದ ದೃಶ್ಯದಲ್ಲಿ. ನಲವತ್ತು ಮುಸುಕುಗಳು ಮೇಣದಬತ್ತಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಾಗ ಒಂದು ಅಂಗಿಯೊಳಗಿಂದ ಫೋನು ಬಡಿದುಕೊಂಡಿತು. ಅದು ಬನಶಂಕರಿಯ ಏಕಾಂತಯ್ಯನವರದು. ನಿವೃತ್ತಿಯ ನಂತರ ಗುಂಪಿನ ದೃಶ್ಯಗಳಲ್ಲಿ ನಿಲ್ಲಲು ಬರುವ ಹಿರಿಯರು. ಶುಗರ್ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಲು ಮನೆಯಾಕೆ ಫೋನು ಮಾಡಿದ್ದರು. ಜೇಬಿನಲ್ಲಿ ಫೋನಿನ ಜೊತೆ ನಾಲ್ಕು ಪೆಪ್ಪರ್‌ಮಿಂಟೂ ಇದ್ದವು.

ತನ್ಮಯಿ ಸಿಡಿಮಿಡಿಗೊಂಡರು. ಮರುದಿನ ಬೆಳಿಗ್ಗೆಯೊಳಗೆ ಎಲ್ಲ ಜೇಬೂ ಹೋಗಬೇಕು, ಮುಂದಿನ ಸಿನಿಮಾದ ಮಾತು ಆಮೇಲೆ ಎಂದರು. ಸಪ್ಪಲಮ್ಮ ಅವತ್ತು ಸಂಜೆ ಕಣ್ಣೊರೆಸಿಕೊಳ್ಳುತ್ತಲೇ ಮೂವತ್ತೊಂಬತ್ತು ಜೇಬು ಬಿಚ್ಚಿದರು. ನಲವತ್ತನೆಯದಕ್ಕೆ ಕೈ ಬರಲಿಲ್ಲ. ಬೆಳಿಗ್ಗೆ ಸೆಟ್‌ಗೆ ಹೋಗಿ ಹಾಗೆಂದೇ ಒಪ್ಪಿಕೊಂಡರು.

‘ಒಂದು ಬಿಟ್ಟಿದೀನಿ ಮೇಡಂ. ಏಕಾಂತಯ್ಯನೋರ್ದು. ಅವ್ರಿಗೆ ಶುಗರ್ ಇದೆ. ತಲೆ ತಿರುಗಿದ್ರೆ ಪೆಪ್ಪರ್‌ಮಿಂಟು ಎಲ್ಲಿಂದ ತೆಗೀತಾರೆ? ನೀವು ನೋಡಿ, ಕಂಡ್ರೆ ಈಗ್ಲೇ ಬಿಚ್ತೀನಿ.’

ತನ್ಮಯಿ ನಲವತ್ತೂ ಜನರಿಗೆ ಮುಸುಕು ಹಾಕಿಸಿ ಕ್ಯಾಮೆರಾ ಮುಂದೆ ನಡೆಸಿದರು. ಮಾನಿಟರ್‌ನಲ್ಲಿ ಕಣ್ಣಿಟ್ಟು ನೋಡಿದರು, ಮತ್ತೊಮ್ಮೆ ನಡೆಸಿದರು. ಜೇಬಿನ ಅಂಗಿ ಇದೇ ಎಂದು ಎರಡು ಸಲ ಒಬ್ಬೊಬ್ಬರತ್ತ ಬೆರಳು ತೋರಿಸಿದರು, ಎರಡು ಸಲವೂ ತಪ್ಪು. ಕೊನೆಗೆ ಏಕಾಂತಯ್ಯನವರೇ ಮುಸುಕು ಸರಿಸಿ, ಕೈ ಒಳಗೆ ಹಾಕಿ, ಪೆಪ್ಪರ್‌ಮಿಂಟು ತೆಗೆದು ಅವರ ಕೈಗಿಟ್ಟರು. ತನ್ಮಯಿ ಅದನ್ನು ಬಾಯಿಗೆ ಹಾಕಿಕೊಂಡು ಹೇಳಿದ್ದು ಇಷ್ಟೇ: ‘ಎಲ್ಲಾದಕ್ಕೂ ವಾಪಸ್ ಹೊಲಿದುಬಿಡಿ ಆಂಟಿ. ಫೋನ್ ಮಾತ್ರ ಬಾಗಿಲಲ್ಲೇ ಇಸ್ಕೊಳ್ಳೋಣ.’

ಅದಕ್ಕೇ ಈ ಬೆಳಗಿನ ಹೊಲಿಗೆ. ಮೂವತ್ತೊಂದು ಮುಗಿದಿವೆ, ಎಂಟು ಬಾಕಿ. ಮಿಷಿನ್ ಪಕ್ಕದಲ್ಲಿ ಮುಂದಿನ ಸಿನಿಮಾದ ಚಿತ್ರಗಳು ಬಂದು ಕೂತಿವೆ. ಪ್ರತಿ ಉಡುಪಿನ ಒಳಗೂ ತನ್ಮಯಿ ಚುಕ್ಕಿ ಚುಕ್ಕಿಯಾಗಿ ಒಂದು ಪುಟ್ಟ ಚೌಕ ಬರೆದಿದ್ದಾರೆ. ಸಪ್ಪಲಮ್ಮ ಆ ಚೌಕವನ್ನು ಬೆರಳಿನಿಂದ ಸವರಿ ತೋರಿಸುವಾಗ ಅವರ ಮುಖ ನೋಡಬೇಕು.

ಪರದೆಯ ಮೇಲೆ ನಿಮ್ಮ ಹೆಸರು ಬರುತ್ತದೆಯೇ ಎಂದು ಕೇಳಿದರೆ ಗೊತ್ತಿಲ್ಲವೆಂದು ದಾರ ಕಡಿಯುತ್ತಾರೆ. ಸಿನಿಮಾವನ್ನಂತೂ ಮೊದಲ ದಿನವೇ ನೋಡುವ ಆಸೆಯಿದೆ.

‘ಜನ ಎಲ್ಲಾ ಮುಸುಕಿನೊಳಗೆ ಯಾರಿದಾರೆ ಅಂತ ನೋಡ್ತಿರ್ತಾರೆ. ನಾನು ಜೇಬು ಕಾಣುತ್ತಾ ಅಂತ ನೋಡ್ತಿರ್ತೀನಿ,’ ಎನ್ನುತ್ತಾರೆ, ಸೂಜಿಗೆ ಮತ್ತೆ ದಾರ ಪೋಣಿಸುತ್ತ. ‘ಕಾಣಲ್ಲ ಬಿಡಿ.’