ಬಟ್ಟೆ ಒಣಗುವ ತಂತಿಯ ಮೇಲೆ ಬ್ರೇಕು

ಆಕೆಯನ್ನು ನಾನು ಮೊದಲು ಕಂಡದ್ದು ಒಂದು ಪ್ಯಾಂಟಿನ ನೆಪದಿಂದ. ನಿವೃತ್ತನಾದ ಮೇಲೆ ನನ್ನ ಹೊಟ್ಟೆ ತುಸು ಧಾರಾಳವಾಗಿತ್ತು. ಸೊಂಟದ ಬಳಿ ಹೊಲಿಗೆ ಬಿಡಿಸಿಕೊಡುವವರು ಬೇಕಾಗಿತ್ತು. ನಾವು ಹೊಸದಾಗಿ ಬಂದು ಸೇರಿದ್ದ ಬೀದಿಯ ತಿರುವಿನಲ್ಲೇ ದರ್ಜಿಯ ಮನೆಯಿದೆ ಎಂದು ಹಾಲಿನವನು ಹೇಳಿದ. ಗೇಟು ತೆಗೆದು ಒಳಗೆ ಹೋದರೆ, ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಲಂಗ, ಕೆಲವು ದಿಂಬಿನ ಚೀಲ, ಅವುಗಳ ನಡುವೆ ಮಾಗಿದ ಕಿತ್ತಳೆಯ ಬಣ್ಣದ ಎರಡು ಕಬ್ಬಿಣದ ಗಡ್ಡೆಗಳು ತೂಗಾಡುತ್ತಿದ್ದವು. ಭಾರಕ್ಕೆ ತಂತಿಯೂ ನನ್ನ ಹಾಗೆಯೇ ಹೊಟ್ಟೆ ಬಿಟ್ಟಿತ್ತು.

“ಮುಟ್ಟಬೇಡಿ, ಇನ್ನೂ ಹಸಿ ಇದೆ” ಎಂಬ ದನಿ ಒಳಗಿನಿಂದ ಬಂತು. ಅದರ ಹಿಂದೆಯೇ ಆಕೆಯೂ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಮೂಗಿನ ತುದಿಯಲ್ಲಿ ಕಿತ್ತಳೆಯ ಚುಕ್ಕೆ. ಆ ಟೇಪು ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಆಕೆಯನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು.

ಇದೇನಮ್ಮಾ ಎಂದು ಕೇಳಿದ್ದೇ ತಡ, ನನ್ನ ಪ್ಯಾಂಟು ಮೂಲೆ ಸೇರಿತು. ಅವು ಕಾರಿನ ಬ್ರೇಕಿನ ಕ್ಯಾಲಿಪರ್‌ಗಳು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದಲೂ ಹಿಡಿದು ನಿಲ್ಲಿಸುವ ಮುಷ್ಟಿಗಳು ಎಂದು ಆಕೆ ನನ್ನ ಕೈಯನ್ನೇ ಮುಚ್ಚಿಸಿ ತೋರಿಸಿದರು. ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರಿಗೆ ಪಾಠ ಕೇಳುವ ಸರದಿ ಬಂದಿತ್ತು. ಕೇಳಲು ಬಲು ಸೊಗಸಾಗಿತ್ತು.

ಕಾರು ಮನೆಯ ಪಕ್ಕದ ಓಣಿಯಲ್ಲಿ ಇಟ್ಟಿಗೆಗಳ ಮೇಲೆ ಕುಳಿತಿತ್ತು. ಆಕೆಯ ಯಜಮಾನರು ಬಾಡಿಗೆಗೆ ಓಡಿಸುತ್ತಿದ್ದ ಕಾರದು. ಕಣ್ಣು ಮಬ್ಬಾದ ಮೇಲೆ ಅವರು ಸ್ಟೀರಿಂಗ್ ಬಿಟ್ಟರು. ಕಾರು ನಿಂತಲ್ಲೇ ನಿಂತಿತು. ಟೇಪಕ್ಕ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದರು. ಆದರೆ ಮೊದಲ ಸಲ ಕಾರು ಹೊರಗೆ ತೆಗೆದು ಬ್ರೇಕು ಒತ್ತಿದಾಗ ಅದು ಎಡಕ್ಕೆ ಎಳೆದುಕೊಂಡು ಹೋಗಿ ಎದುರು ಮನೆಯ ಗೋಡೆಗೆ ಮುತ್ತಿಕ್ಕಿತು. ಬಲಗಡೆಯ ಕ್ಯಾಲಿಪರ್ ತುಕ್ಕಿಗೆ ಕಚ್ಚಿಕೊಂಡು ಕೆಲಸ ಬಿಟ್ಟಿತ್ತು. ಮೆಕ್ಯಾನಿಕ್ಕು ನೋಡಿ, ಗುಜರಿಗೆ ಹಾಕುವುದೇ ಲೇಸು ಎಂದ. ಯಜಮಾನರು ಗುಜರಿ ವ್ಯಾಪಾರದ ತಮ್ಮ ಷಡ್ಡಕನಿಗೆ ಮಾತು ಕೊಟ್ಟೇಬಿಟ್ಟರು. ಭಾನುವಾರ ಅವನು ಬಂದು ಒಯ್ಯುವುದೆಂದು ನಿಗದಿಯಾಯಿತು.

ಟೇಪಕ್ಕ ಗಂಡನಿಂದ ಒಂದೇ ಒಂದು ಭಾಷೆ ತೆಗೆದುಕೊಂಡಿದ್ದರು. ಭಾನುವಾರ ಮುಗಿಯುವುದರೊಳಗೆ ಬ್ರೇಕು ಒತ್ತಿದಾಗ ಕಾರು ನೆಟ್ಟಗೆ ನಿಂತರೆ ಅದು ಮನೆಯಲ್ಲೇ ಉಳಿಯಬೇಕು. “ಊರಿಗೆಲ್ಲ ಸವಾರಿ ಕೊಟ್ಟ ಮನುಷ್ಯ, ಈಗ ಕುರ್ಚಿ ಬಿಟ್ಟು ಏಳಲ್ಲ” ಎಂದು ನನ್ನೊಡನೆ ದನಿ ತಗ್ಗಿಸಿ ಹೇಳಿದರು. “ಒಂದಿನ ನಾನು ಕೂರಿಸ್ಕೊಂಡು ಹೋಗಬೇಕು.”

ಅಂದಿನಿಂದ ನಾನು ಪ್ಯಾಂಟಿನ ನೆಪವಿಲ್ಲದೆಯೇ ಆ ಮನೆಗೆ ಹೋಗತೊಡಗಿದೆ. ಕ್ಯಾಲಿಪರಿನೊಳಗೆ ಕಚ್ಚಿಕೊಂಡಿದ್ದ ಪಿಸ್ಟನ್ನನ್ನು ಹೊರಗೆ ತಂದ ಕಥೆಯನ್ನು ಟೇಪಕ್ಕನ ಅತ್ತೆ ನನಗೆ ಅಭಿನಯಿಸಿ ತೋರಿಸಿದರು. ಸೈಕಲ್ ಪಂಪಿನಿಂದ ಗಾಳಿ ತುಂಬಿ ತುಂಬಿ ಸೊಸೆಯ ತೋಳು ಬಿದ್ದುಹೋಗಿದ್ದಾಗ, ಲೋಟದಂತಹ ಆ ಪಿಸ್ಟನ್ನು ಢಮ್ಮೆಂದು ಹಾರಿ, ಮುಂದೆ ಹಿಡಿದಿದ್ದ ಹಳೆಯ ಹಾಸಿಗೆಯ ಒಳಕ್ಕೆ ಹೊಕ್ಕಿತಂತೆ. ಆಮೇಲೆ ತಂತಿಯ ಬ್ರಷ್ಷು, ಹಲ್ಲುಜ್ಜುವ ಹಳೆಯ ಬ್ರಷ್ಷು, ಹೊಸ ರಬ್ಬರು. ಬಣ್ಣ ತಾಗಬಾರದ ಜಾಗಗಳಿಗೆ ಆಕೆ ಕಾಗದದ ಅಂಟುಪಟ್ಟಿಯನ್ನು ಕಾಲರಿನ ಅಳತೆಯಷ್ಟು ಕರಾರುವಾಕ್ಕಾಗಿ ಕತ್ತರಿಸಿ ಹಚ್ಚಿದ್ದರು. ಆ ಪಟ್ಟಿಯ ಮೇಲೆಯೇ ದರ್ಜಿಯ ಸೀಮೆಸುಣ್ಣದಿಂದ ಒಂದಕ್ಕೆ ‘ಎಡ’, ಇನ್ನೊಂದಕ್ಕೆ ‘ಬಲ’ ಎಂದು ಬರೆದಿದ್ದರು.

ಯಜಮಾನರಿಗೆ ಬಣ್ಣದ ವಿಷಯದಲ್ಲಿ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. “ಚಕ್ರದ ಒಳಗಿರೋದು. ಯಾರೇ ನೋಡ್ತಾರೆ?” ಎಂದು ಕುರ್ಚಿಯಿಂದಲೇ ಕೆಣಕಿದರು.

“ಕೋಟಿನ ಒಳಗಿನ ಲೈನಿಂಗ್ ಯಾರು ನೋಡ್ತಾರೆ? ಆದ್ರೂ ಹಾಕ್ತೀವಲ್ಲ” ಎಂದರು ಟೇಪಕ್ಕ.

ಶನಿವಾರ ಮಧ್ಯಾಹ್ನ ಎರಡೂ ಕ್ಯಾಲಿಪರ್‌ಗಳು ಕಾರಿಗೇರಿದವು. ಚಕ್ರದ ಸಂದಿನಲ್ಲಿ ಆ ಬಣ್ಣ ಬೂದಿಯೊಳಗಿನ ಕೆಂಡದಂತೆ ಹೊಳೆಯಿತು. ಇನ್ನು ಉಳಿದದ್ದು ಬ್ರೇಕಿನ ಎಣ್ಣೆಯೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕುವುದು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಪೆಡಲು ಒತ್ತಲು ಯಾರು ಎಂದು ನಾವು ಯೋಚಿಸುತ್ತಿರುವಾಗಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಸೊಸೆಗೆ ಹೊಲಿಗೆ ಕಲಿಸಿದವರೇ ಅವರು.

“ಮದುವೆಯಾದಾಗಿಂದ ಮಷೀನು ತುಳಿದ ಕಾಲು ಇದು. ನೀನು ಹೇಳು, ನಾನು ತುಳಿತೀನಿ” ಎಂದರು.

ಎಣ್ಣೆಯ ಬಾಟಲಿ ಹಿಡಿದು ಗುಳ್ಳೆ ನೋಡುವ ಕೆಲಸ ನನ್ನದಾಯಿತು. ಒತ್ತಿ, ಹಿಡೀರಿ, ಬಿಡಿ ಎಂದು ಟೇಪಕ್ಕ ಕೂಗುವುದು, ಅತ್ತೆ ತುಳಿಯುವುದು. ಎಷ್ಟು ತುಳಿದರೂ ಪೆಡಲು ಹಸಿ ಹಿಟ್ಟಿನ ಮೇಲೆ ಕಾಲಿಟ್ಟಂತೆ ಕೆಳಕ್ಕೆ ಇಳಿಯುತ್ತಲೇ ಇತ್ತು. ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತಿತ್ತು. ಗಾಳಿ ಮಾತ್ರ ಒಳಗೇ ಇತ್ತು. ಹೊತ್ತು ಇಳಿಯಿತು. ಕೊನೆಗೆ ಯಜಮಾನರು, ಸಾಕು ಬಿಡು, ನಿನ್ನ ಕೈಲಾದದ್ದು ಮಾಡಿದೆ, ನಾಳೆ ಅವನು ಬರಲಿ ಎಂದರು. ಆ ಮಾತಿನಲ್ಲಿ ಕೆಣಕುವ ಧಾಟಿ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಟೇಪಕ್ಕ ಯಾರದೋ ಅಂಗಿ ಹೊಲಿಯುತ್ತಿದ್ದರು. ಮೇಜಿನ ಮೇಲೆ ಎರಡು ತೋಳುಗಳು ಜೋಡಿಯಾಗಿ ಬಿದ್ದಿದ್ದವು. ಒಂದನ್ನು ಎತ್ತಿ ಹೆಗಲಿಗೆ ಹಿಡಿದರು, ಸರಿಬರಲಿಲ್ಲ. ಅದು ಇನ್ನೊಂದು ಕಡೆಯ ತೋಳು. ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಹಾಗೇ ಹಿಡಿದುಕೊಂಡು ಎದ್ದು ಓಣಿಗೆ ಓಡಿದರು. ನಾನೂ ಹಿಂದೆ ಹೋದೆ. ಆಕೆ ನೆಲಕ್ಕೆ ಕೆನ್ನೆ ಹಚ್ಚಿ ಚಕ್ರದೊಳಗೆ ನೋಡುತ್ತಿದ್ದರು.

“ತಿರುಪು ಕೆಳಗಿದೆ, ಮೇಷ್ಟ್ರೇ” ಎಂದರು. “ಗುಳ್ಳೆ ಮೇಲಕ್ಕೆ ಹೋಗುತ್ತೆ. ನಾವು ಕೆಳಗೆ ಬಾಗಿಲು ತೆಗೆದು ಬಾ ಬಾ ಅಂತ ಕರೀತಿದ್ದೀವಿ. ಎಡಗೈ ತೋಳು ಬಲಗೈಗೆ ಹೊಲಿದಿದ್ದೀನಿ ನಾನು.”

ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿ ಕುಳಿತಿದ್ದವು. ಹಾಗಾದರೆ ಸೀಮೆಸುಣ್ಣದ ಗುರುತು ಏನಾಯಿತು? ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಸಣ್ಣದಾಯಿತು. ಬಣ್ಣ ಒಣಗಿದ ಮೇಲೆ, ಸೊಸೆಗೆ ಒಂದು ಕೆಲಸವಾದರೂ ಹಗುರಾಗಲಿ ಎಂದು ಅವರು ಅಂಟುಪಟ್ಟಿಯನ್ನೆಲ್ಲ ಸುಲಿದು, ಉಂಡೆ ಮಾಡಿ, ಕಸಕ್ಕೆ ಹಾಕಿದ್ದರು. ‘ಎಡ’ ‘ಬಲ’ಗಳೂ ಅದರ ಜೊತೆಗೇ ಹೋಗಿದ್ದವು.

“ಗುಂಡಿಗೆ ಕಾಜಾ ಮಾಡಿದ ಮೇಲೆ ದಾರದ ಚೂರು ತೆಗೆಯೋದಿಲ್ವೇನೇ? ಹಾಗೆ ತೆಗೆದೆ” ಎಂದರು ಅತ್ತೆ.

ಟೇಪಕ್ಕ ನಗುತ್ತ ನೆಲದ ಮೇಲೇ ಕುಳಿತುಬಿಟ್ಟರು. ನಗು ಮುಗಿಯುವಷ್ಟರಲ್ಲಿ ಗೇಟಿನ ಬಳಿ ಗುಜರಿ ಷಡ್ಡಕನ ವ್ಯಾನು ಬಂದು ನಿಂತಿತು.

ಆಮೇಲಿನ ಗಡಿಬಿಡಿಯನ್ನು ಏನೆಂದು ಹೇಳಲಿ! ಜ್ಯಾಕು ಏರಿತು, ಚಕ್ರಗಳು ಕಳಚಿದವು, ಸ್ಪ್ಯಾನರು ಕೈಯಿಂದ ಕೈಗೆ ಹಾರಿತು, ಕ್ಯಾಲಿಪರ್‌ಗಳು ಜಾಗ ಬದಲಿಸಿದವು. ಷಡ್ಡಕ ಹಗ್ಗ ಹಿಡಿದು ಓಣಿಯೊಳಗೆ ಬಂದ. ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಹೆಸರಾಗಿದ್ದ ಯಜಮಾನರು ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿದರು. “ಟೀ ಕುಡಿ ಬಾರಯ್ಯ. ಭಾನುವಾರ ಇನ್ನೂ ಮುಗಿದಿಲ್ಲ” ಎಂದು ಒಳಗೆ ಕರೆದೊಯ್ದರು.

ಅತ್ತೆ ಮತ್ತೆ ಸೀಟು ಏರಿದರು. ಒತ್ತಿ, ಹಿಡೀರಿ. ಈ ಸಲ ತಿರುಪು ಸಡಿಲಿಸಿದೊಡನೆ ನನ್ನ ಬಾಟಲಿಯಲ್ಲಿ ಗುಳ್ಳೆಗಳು ಶಾಲೆ ಬಿಟ್ಟ ಮಕ್ಕಳಂತೆ ನುಗ್ಗಿ ಬಂದವು. ಎರಡೂ ಕಡೆ ಮುಗಿಯುತ್ತ ಬಂದಂತೆ ಅತ್ತೆಯ ಕಾಲು ಅರ್ಧದಲ್ಲೇ ನಿಂತಿತು. “ಕಲ್ಲು, ಕಣೇ. ಕಲ್ಲು ತುಳಿದ ಹಾಗಿದೆ” ಎಂದರು.

ಟೇಪಕ್ಕ ಮೊದಲು ಓಣಿಯೊಳಗೇ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ ನೋಡಿದರು. ಆಮೇಲೆ ಬೀದಿಯ ಕೊನೆಯ ಖಾಲಿ ಮೈದಾನಕ್ಕೆ ಹೊರಟರು. ಯಜಮಾನರು ಪಕ್ಕದ ಸೀಟಿನಲ್ಲಿ, ಷಡ್ಡಕನೂ ನಾನೂ ನಡೆದುಕೊಂಡು ಹಿಂದೆ. ಆಕೆ ವೇಗ ಹೆಚ್ಚಿಸಿ, ಸ್ಟೀರಿಂಗ್ ಹಗುರವಾಗಿ ಹಿಡಿದು ಬ್ರೇಕು ಒತ್ತಿದರು. ಕಾರು ಮೂಗು ತಗ್ಗಿಸಿ, ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ನಾವು ಹತ್ತಿರ ಹೋದಾಗ ಯಜಮಾನರು ಕಣ್ಣು ಮುಚ್ಚಿಯೇ ಕುಳಿತಿದ್ದರು. ಕಾರಿನ ನಡೆಯನ್ನು ಅವರು ಯಾವಾಗಲೂ ಬೆನ್ನಿನಿಂದ ಅರಿತವರು.

“ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ” ಎಂದರು. ಸೀಟಿಗೆ ಬೆನ್ನು ಒತ್ತಿ, “ಇನ್ನೊಂದು ಸುತ್ತು ಹೊಡಿ” ಎಂದರು.

ಷಡ್ಡಕ ಹಗ್ಗವನ್ನು ಸುತ್ತಿ ವ್ಯಾನಿಗೆ ಎಸೆದ. ಹೋಗುವ ಮುಂಚೆ ಚಕ್ರದೊಳಗೆ ಇಣುಕಿ, ಈ ಬಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಈಗ ಟೇಪಕ್ಕ ಹೊಲಿದ ಬಟ್ಟೆಗಳನ್ನು ಕಾರಿನಲ್ಲೇ ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಯಜಮಾನರು ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಗೇರು ಬದಲಿಸುವ ಪಾಠ ಹೇಳುತ್ತಾರೆ. ಆಕೆ ಹೂಂಗುಟ್ಟಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ರಜಾದಿನ ಬಂದರೆ ಬೀದಿಯವರ ಕ್ಯಾಲಿಪರ್‌ಗಳು ಮನೆಗೆ ಬರುತ್ತವೆ. ಷಡ್ಡಕನ ವ್ಯಾನಿನವು ನೀಲಿ ಬಣ್ಣದಲ್ಲಿ ಹೋದವು. ಇವತ್ತು ಬೆಳಿಗ್ಗೆ ಹಾಲಿನವನ ಗಾಡಿಯವು ಹಸಿರು ಬಳಿದುಕೊಂಡು ತಂತಿಯ ಮೇಲೆ ತೂಗಾಡುತ್ತಿದ್ದವು. ಸೀಮೆಸುಣ್ಣದ ಕಾಲ ಮುಗಿದಿದೆ. ಎಡದ್ದಕ್ಕೆ ಬಿಳಿ ದಾರ, ಬಲದ್ದಕ್ಕೆ ಕಪ್ಪು ದಾರ. ದರ್ಜಿಯ ಗಂಟು, ಎಳೆದರೆ ಬಿಚ್ಚುವಂಥದ್ದಲ್ಲ. ಒಳಗೆ ಟೇಪಕ್ಕ ಹೊಸ ರಬ್ಬರಿಗೆ ಎಣ್ಣೆ ಸವರುತ್ತಿದ್ದರು. ಪ್ಯಾಂಟು ಕೇಳಲು ಹೋದ ನನ್ನನ್ನು ಅತ್ತೆ ತಂತಿಯ ಹತ್ತಿರವೇ ತಡೆದರು.

“ದಾರಕ್ಕೆ ಕೈ ಹಚ್ಚಬೇಡಿ ಮೇಷ್ಟ್ರೇ” ಎಂದರು. “ನಾನೇ ಮುಟ್ಟಲ್ಲ.”