ಚೋಮಿಯ ಐದೆಸಳಿನ ರೋಜಾ

ನಾನು ಚೋಮಿಯನ್ನು ಮೊದಲು ಕಂಡದ್ದು ೧೯೧೯ರ ಜನವರಿಯಲ್ಲಿ, ಚೆಟ್ಟಳ್ಳಿಯ ಶಾಲೆಗೆ ಮಾಸ್ತರನಾಗಿ ಸೇರಿದ ಎರಡನೆಯ ವಾರ. ಸಮೀಪದ ಕಾಫಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಪೂವಯ್ಯನವರು ಬಂದು, "ಒಬ್ಬಳ ಹೇಳಿಕೆ ಬರೀಬೇಕು ಮಾಷ್ಟ್ರೇ. ನಾನೇ ಬರೆದ್ರೆ ತಿರುಚಿದೆ ಅಂತಾರೆ" ಎಂದು ಕರೆದೊಯ್ದರು.

ಕೂಲಿಯವರ ಲೈನಿನ ಕೊನೆಯ ಮನೆ. ಬಾಗಿಲ ಬಳಿ ಹಳೆಯ ಸೀಮೆಎಣ್ಣೆ ಡಬ್ಬ, ಅದರಲ್ಲಿ ಮೊಣಕಾಲೆತ್ತರದ ರೋಜಾ ಗಿಡ, ಒಂದೇ ಮೊಗ್ಗು. ಪಕ್ಕದಲ್ಲಿ ನಿಂತಿದ್ದವಳು ಚೋಮಿ, ದೊರೆಯ ಬಂಗಲೆಯ ತೋಟ ಗುಡಿಸುವವಳು. ದೊರೆಸಾನಿ ಹಡಗಿನಲ್ಲಿ ತರಿಸಿದ ಕೆಂಪು ರೋಜಾದಿಂದ ಹೋದ ಮಳೆಗಾಲದಲ್ಲಿ ಯಾರೋ ಕಡ್ಡಿ ಮುರಿದಿದ್ದರು. ಚಿಗುರಿರುವುದು ಆ ಕಡ್ಡಿಯೇ ಎಂದು ಮಾಲಿ ಜವರಪ್ಪನ ದೂರು. ಕಳವು ರುಜುವಾತಾದರೆ ಚೋಮಿಯೂ ಅವಳ ಮುದಿ ತಾಯಿಯೂ ಲೈನು ಬಿಟ್ಟು ಹೋಗಬೇಕು.

"ಕಡ್ಡಿ ಅಲ್ಲ ಸಾಮಿ, ಬೀಜ ಹಾಕಿದ್ದು" ಎಂದಳು ಚೋಮಿ.

ಜವರಪ್ಪ ನಕ್ಕ. "ರೋಜಾಗೆ ಬೀಜವಂತೆ! ನಾಳೆ ಬಾಳೆಗೂ ಬೀಜ ಹಾಕ್ತೀಯೇನೇ?"

"ಹೂ ಉದುರಿದ ಮೇಲೆ ಕೆಂಪು ಕಾಯಿ ಆಗ್ತದಲ್ಲ ಜವರಪ್ಪಣ್ಣ, ನೀವೇ ಕತ್ತರಿಸಿ ಗುಂಡಿಗೆ ಎಸೀತೀರಿ. ಅದರೊಳಗಿನದ್ದು."

ಮೊದಲ ವರ್ಷ ಅವಳು ಆ ಕಾಯಿಗಳನ್ನು ಬಿತ್ತನೆಯ ಸೌತೆಯಂತೆ ಒಲೆಯ ಮೇಲಿನ ಹೊಗೆಯಲ್ಲಿ ಕಟ್ಟಿದ್ದಳು. ಒಂದೂ ಮೊಳೆಯಲಿಲ್ಲ. ಮರುವರ್ಷ ಹಸಿಕಾಯಿ ಸೀಳಿ, ಬೀಜವನ್ನು ಒದ್ದೆ ಮರಳಿನೊಡನೆ ಬಿದಿರಿನ ಅಂಡೆಗೆ ತುಂಬಿ, ನೀರು ಹರಿಯುವ ತೋಡಿನ ದಂಡೆಯ ನೆರಳಲ್ಲಿ ಹೂತಿಟ್ಟಳು. ಚಳಿ ಕಳೆದ ಮೇಲೆ ನಾಲ್ಕು ಮೊಳೆತವು, ಒಂದು ಬದುಕಿತು. ಹೇಳಿದ್ದನ್ನೆಲ್ಲ ಬರೆದುಕೊಂಡೆ. ಸಾಕ್ಷಿ ಮಾತ್ರ ಯಾರೂ ಇರಲಿಲ್ಲ.

"ಹೂ ಬಿಡಲಿ. ಬಂಗಲೆಯ ಕೆಂಪೇ ಬಂದರೆ ಮತ್ತೆ ಮಾತಿಲ್ಲ" ಎಂದ ಜವರಪ್ಪ. ಪೂವಯ್ಯನವರು ಶನಿವಾರದವರೆಗೆ ಗಡುವು ಕೊಟ್ಟರು.

ಹೊರಟ ನನ್ನ ಹಿಂದೆಯೇ ಚೋಮಿ ಬಂದಳು. "ಆ ಗಿಡದ್ದೇ ಬೀಜ ಅಲ್ವಾ ಮಾಷ್ಟ್ರೇ? ಕೆಂಪೇ ಅಲ್ವಾ ಬರೋದು?"

ನನಗೂ ಹಾಗೆಯೇ ತೋರಿತು.

ಗುರುವಾರ ಮೊಗ್ಗಿನ ಹಸಿರು ಬಿರಿದು ಕಡುಗೆಂಪು ಗೆರೆ ಇಣುಕಿತು. ಶುಕ್ರವಾರ ಆ ದಾರಿಯಲ್ಲಿ ಹೋದಾಗ, ಚೋಮಿಯ ತಾಯಿ ಪಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಚೋಮಿ ಗಿಡದ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ನಾವು ಮೂವರು ಹೋದಾಗ ಹೂ ಅರಳಿತ್ತು. ಐದೇ ಎಸಳು. ಅಂಚಿನಲ್ಲಿ ಕೆಂಪು, ಒಳಗೆಲ್ಲ ಬಿಳುಪು.

ಜವರಪ್ಪ ಮೂಗು ಮುರಿದ. "ಇದೂ ಒಂದು ರೋಜಾನಾ? ಇಂಥ ಬಡಕಲು ಹೂವು ನನ್ನ ತೋಟದಲ್ಲಿ ಒಂದಾದ್ರೂ ಉಂಟಾ?"

"ಇಲ್ಲ ತಾನೇ? ಕಡ್ಡಿ ನೆಟ್ಟಿದ್ರೆ ನಿನ್ನ ತೋಟದ ಹೂವೇ ಬರ್ತಿತ್ತು" ಎಂದರು ಪೂವಯ್ಯನವರು. "ಬರ್ಕೊಳ್ಳಿ ಮಾಷ್ಟ್ರೇ, ಇದು ಮಾಲಿಯ ಹೇಳಿಕೆ."

ಜವರಪ್ಪ ಬಂಗಲೆಯ ದಾರಿ ಹಿಡಿದ. ಚೋಮಿ ಒಳಗೆ ಹೋಗಿ ಗಂಟು ಬಿಚ್ಚತೊಡಗಿದಳು. ಕಡ್ಡಿ ಮುರಿದವರು ಯಾರೆಂಬುದು ಕೊನೆಗೂ ತಿಳಿಯಲಿಲ್ಲ.

ಇದೆಲ್ಲ ನಡೆದು ಇಪ್ಪತ್ತಾರು ವರ್ಷವಾಯಿತು. ನಾನು ನಿವೃತ್ತನಾದೆ. ಚೋಮಿ ಈಗಲೂ ಆ ಕೊನೆಯ ಮನೆಯಲ್ಲೇ ಇದ್ದಾಳೆ. ಬಾಗಿಲ ಮುಂದೆ ಹನ್ನೊಂದು ಡಬ್ಬ. ಒಂದರ ಹೂವಿನಂತೆ ಇನ್ನೊಂದಿಲ್ಲ. ಈ ಡಿಸೆಂಬರಿನಲ್ಲಿ ಹೋದಾಗ ಹೊಸಿಲಲ್ಲಿ ಕುಳಿತು ಅಂಡೆಗೆ ಮರಳು ತುಂಬುತ್ತಿದ್ದಳು. ಹಳದಿ ಹೂವಿನ ಗಿಡದ ಒಂದು ಕಡ್ಡಿ ಕೇಳಿದೆ.

"ಕಡ್ಡಿ ಕೊಡೋಲ್ಲ ಮಾಷ್ಟ್ರೇ. ಎಲ್ಲಿಂದ ಬಂತು ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರೆ?" ಎಂದವಳೇ, ಒಂದು ಕಾಯಿ ಸೀಳಿ ನನ್ನ ಅಂಗೈಗೆ ಏಳು ಬೀಜ ಸುರಿದಳು.